ಬಿಯರ್ ಮಗ್ಗಿನ ತಳ, ರಾಜಘಟ್ಟದ ನೆಲ

ಹಳೆಯ ಜರ್ಮನ್ ಬಿಯರ್ ಮಗ್ ಕೈಗೆ ಬಂದರೆ ಪಳಗಿದ ಸಂಗ್ರಾಹಕ ಮೊದಲು ಅದನ್ನು ಮಗುಚುತ್ತಾನೆ. ಮೈಮೇಲಿನ ಕೋಟೆ, ಬೇಟೆನಾಯಿ, ಗಡ್ಡದ ಮುದುಕ, ಕುಣಿಯುವ ಹುಡುಗಿ ಎಲ್ಲ ಆಮೇಲೆ. ಮೊದಲು ತಳ ನೋಡಬೇಕು. ಕಾರ್ಖಾನೆಯ ಮುದ್ರೆ ಇರುವುದು ಅಲ್ಲಿ, ಅಚ್ಚಿನ ಸಂಖ್ಯೆ ಇರುವುದು ಅಲ್ಲಿ, ಅದೃಷ್ಟವಿದ್ದರೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಯೂ ಅಲ್ಲೇ. ಸ್ಟೈನ್ ಎಂದು ಕರೆಯುವ ಈ ಮುಚ್ಚಳದ ಮಗ್ ಜರ್ಮನಿಯ ಹೆಂಡದಂಗಡಿಯಿಂದ ಹೊರಟು ಅಮೆರಿಕದ ಹರಾಜುಕಟ್ಟೆ ಸೇರಿದರೂ ತನ್ನ ವಿಳಾಸವನ್ನು ತಾನೇ ಹೊತ್ತುಕೊಂಡು ತಿರುಗುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಸಿಕ್ಕ ಮಣ್ಣಿನ ವಸ್ತುಗಳಿಗೂ ಅಚ್ಚಿದೆ, ಮುದ್ರೆಯಿದೆ, ಅಕ್ಷರವಿದೆ. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯವು. ಆದರೆ ಅವುಗಳ ಮೇಲೆ ಊರಿನ ಹೆಸರಿಲ್ಲ, ಮಾಡಿದವನ ಹೆಸರಿಲ್ಲ, ವರ್ಷವೂ ಇಲ್ಲ. ಅವುಗಳ ವಿಳಾಸವೆಲ್ಲ ಉಳಿದದ್ದು ಅವು ಹೂತುಹೋಗಿದ್ದ ನೆಲದಲ್ಲಿ. ಎತ್ತಿ ಜೇಬಿಗೆ ಹಾಕಿಕೊಂಡ ಕ್ಷಣದಲ್ಲಿ ವಿಳಾಸ ಅಳಿಸಿತು. ಹಳೆಯ ಮಣ್ಣನ್ನು ಕೂಡಿಡುವ ಹವ್ಯಾಸ ಎಲ್ಲಿ ಚರಿತ್ರೆಗೆ ನೆರವಾಗುತ್ತದೆ, ಎಲ್ಲಿ ಅದಕ್ಕೇ ಕುತ್ತಾಗುತ್ತದೆ ಎಂಬುದನ್ನು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಊರಿನವರ ಬಾಯಲ್ಲಿ ಆ ದಿಬ್ಬದ ಹೆಸರು ಬೂದಿಗುಂಟೆ. ಬೂದಿ ಬೆರೆತ ಸಡಿಲ ಮಣ್ಣು ಬೆಳೆಗೆ ಒಳ್ಳೆಯದೆಂದು ರೈತರು ಅದನ್ನು ಹೊಲಗಳಿಗೆ ಹೊಡೆಯುತ್ತಿದ್ದರು. ಹಳೆಯ ಊರುಗಳ ದಿಬ್ಬದ ಮಣ್ಣು ಕರ್ನಾಟಕದ ಬಯಲುಸೀಮೆಯಲ್ಲೆಲ್ಲ ಹೀಗೇ ಗಾಡಿ ಹತ್ತಿ ಹೋಗಿದೆ. ಗೊಬ್ಬರ ಕೊಳ್ಳಲು ದುಡ್ಡಿಲ್ಲದ ಕಾಲದಲ್ಲಿ ರೈತ ಮತ್ತೇನು ಮಾಡಿಯಾನು? ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗದ ಎಂ.ಎಸ್. ಕೃಷ್ಣಮೂರ್ತಿ ಅವರ ತಂಡ 2001ರಲ್ಲಿ, ಮತ್ತೆ 2004ರಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಬೂದಿಯ ಕೆಳಗೆ ಇಟ್ಟಿಗೆಯ ಗೋಡೆಗಳು ಎದ್ದವು. ಹಿಂಬದಿ ಅರ್ಧಚಂದ್ರದಂತೆ ಬಾಗಿದ ಚೈತ್ಯಾಲಯ, ಭಿಕ್ಷುಗಳು ವಾಸವಿದ್ದ ವಿಹಾರ. ಅದರ ಜೊತೆಗೆ ನೂರಾರು ಪುಟಾಣಿ ಸ್ತೂಪಗಳು, ಎಲ್ಲವೂ ಮಣ್ಣಿನವು.

ಒಂದು ಸ್ತೂಪ ಅಂಗೈಯಲ್ಲಿ ಕೂರುತ್ತದೆ. ಕೆಳಗೆ ಪೀಠ, ಮೇಲೆ ಗುಮ್ಮಟ. ಅಚ್ಚಿಗೆ ಹಸಿಮಣ್ಣು ಒತ್ತಿ ತೆಗೆದದ್ದು. ಒಡೆದವುಗಳ ಒಳಗೆ ನೋಡಿದರೆ ಇನ್ನೊಂದು ಮಣ್ಣಿನ ಬಿಲ್ಲೆ, ಅದರ ಮೇಲೆ ಮುದ್ರೆಯೊತ್ತಿದ ಬ್ರಾಹ್ಮೀ ಅಕ್ಷರಗಳ ಸಾಲು. ಭಾಷೆ ಸಂಸ್ಕೃತ. ಎಲ್ಲಕ್ಕೂ ಕಾರಣವಿದೆ, ಕಾರಣ ನಿಂತರೆ ಅದೂ ನಿಲ್ಲುತ್ತದೆ ಎಂಬ ತಿರುಳಿನ ಶ್ಲೋಕ. ಬೌದ್ಧ ಜಗತ್ತಿನಲ್ಲಿ ಎಲ್ಲೆಲ್ಲೂ ಕಲ್ಲಿನ ಮೇಲೆ, ತಾಮ್ರದ ಮೇಲೆ, ಮಣ್ಣಿನ ಮೇಲೆ ಬರೆದದ್ದು. ಬರೆದದ್ದನ್ನು ಯಾರೂ ಓದದಂತೆ ಒಳಗಿಟ್ಟು ಮುಚ್ಚಿಬಿಟ್ಟಿದ್ದಾರೆ ಎಂಬುದು ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು. ಮಾಡಿದವರ ಲೆಕ್ಕದಲ್ಲಿ ಅದು ಸರಿಯೇ. ಬುದ್ಧನ ಎಲುಬು, ಬೂದಿ ಎಲ್ಲರಿಗೂ ಸಿಗುವುದಿಲ್ಲ. ಅವನ ಮಾತೇ ಅವನ ಅವಶೇಷ ಎಂದುಕೊಂಡರೆ, ಅದನ್ನು ಒಳಗಿಟ್ಟ ಮಣ್ಣಿನ ಮುದ್ದೆಯೂ ಸ್ತೂಪವೇ ಆಯಿತು.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಈ ಪದ್ಧತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸುಗಂಧದ ಪುಡಿಯನ್ನು ಕಲಸಿ ಗೇಣುದ್ದವೂ ಇಲ್ಲದ ಸ್ತೂಪ ಮಾಡಿ, ಸೂತ್ರದ ಸಾಲುಗಳನ್ನು ಬರೆದು ಒಳಗಿಡುತ್ತಿದ್ದರಂತೆ. ಮಗಧದ ಜಯಸೇನನೆಂಬ ವಿದ್ವಾಂಸ ಪಾಠ ಹೇಳುತ್ತಲೇ ಜೀವನಪೂರ್ತಿ ಇಂಥವನ್ನು ಮಾಡುತ್ತ ಕೂತಿದ್ದನೆಂದು ಅವನ ವರದಿ. ಸುಗಂಧದ ಪುಡಿ ಮಗಧದ ಪಂಡಿತನ ಅನುಕೂಲ. ರಾಜಘಟ್ಟದವರಿಗೆ ಕೆರೆಯಂಗಳದ ಮಣ್ಣೇ ಸಾಕಾಯಿತು.

ರಾಜಘಟ್ಟವಿದ್ದ ಗಂಗರ ನಾಡು ಎಂದರೆ ಕನ್ನಡ ಓದುಗನಿಗೆ ಥಟ್ಟನೆ ನೆನಪಾಗುವುದು ಜೈನ ಧರ್ಮ, ಶ್ರವಣಬೆಳಗೊಳ, ಚಾವುಂಡರಾಯ. ಬೌದ್ಧರನ್ನು ಹುಡುಕಬೇಕಾದರೆ ಕಲಬುರಗಿಯ ಸನ್ನತಿಗೆ, ಪಕ್ಕದ ಕನಗನಹಳ್ಳಿಗೆ ಹೋಗಬೇಕು ಎಂಬುದು ರೂಢಿಯ ತಿಳಿವಳಿಕೆ. ಗೊಮ್ಮಟ ಎದ್ದು ನಿಲ್ಲುವುದಕ್ಕೆ ನಾನೂರಕ್ಕೂ ಹೆಚ್ಚು ವರ್ಷ ಮೊದಲು, ಬೆಂಗಳೂರಿನ ಮಗ್ಗುಲಲ್ಲೇ ಭಿಕ್ಷುಗಳ ಒಂದು ಸಂಘ ಬದುಕಿತ್ತು, ಅದಕ್ಕೆ ನಡೆದುಕೊಳ್ಳುವ ಭಕ್ತರಿದ್ದರು ಎಂಬುದನ್ನು ಹೇಳಿದ್ದು ರಾಜಘಟ್ಟ. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ದೊಡ್ಡಬಳ್ಳಾಪುರ ತಾಲ್ಲೂಕಿನ ಕಲ್ಲುಗಳನ್ನೂ ಊರೂರು ಹುಡುಕಿ ದಾಖಲಿಸಿದ್ದ. ಕಲ್ಲು ಎದ್ದು ನಿಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ. ಮಣ್ಣಿನ ಬಿಲ್ಲೆ ಹೆಂಟೆಯ ಜೊತೆ ಹೆಂಟೆಯಾಗಿ ಬಿದ್ದಿರುತ್ತದೆ.

ಇನ್ನು ಜರ್ಮನಿಯ ಮಣ್ಣಿಗೆ ಬರೋಣ.

ನಮ್ಮ ನೀರಿನ ಮಡಕೆ ಜಿನುಗುತ್ತದೆ. ಜಿನುಗುವುದರಿಂದಲೇ ನೀರು ತಣ್ಣಗಿರುತ್ತದೆ. ಬಿಯರಿಗೆ, ದ್ರಾಕ್ಷಾರಸಕ್ಕೆ ಇದು ಆಗದ ಮಾತು. ರೈನ್ ನದಿಯ ಆಸುಪಾಸಿನ ಸೀಗ್‌ಬುರ್ಗ್, ಕೊಲೋನ್, ಫ್ರೆಖೆನ್, ರೇರನ್, ವೆಸ್ಟರ್‌ವಾಲ್ಡ್ ಊರುಗಳ ಕುಂಬಾರರಿಗೆ ಸಿಕ್ಕ ಜೇಡಿ 1,200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖವನ್ನು ತಡೆಯುವಂಥದ್ದು. ನಮ್ಮ ಹಳ್ಳಿಯ ಆವಿಗೆ ಅಷ್ಟು ಕಾಯುವುದಿಲ್ಲ, ಕಾದರೂ ನಮ್ಮ ಕೆರೆಮಣ್ಣು ತಡೆಯುವುದಿಲ್ಲ. ಆ ಶಾಖದಲ್ಲಿ ಮಣ್ಣಿನ ಕಣಗಳು ಕರಗಿ ಬೆಸೆದುಕೊಂಡು, ಬಡಿದರೆ ಠಣ್ಣೆನ್ನುವ, ಹನಿಯೂ ಸೋರದ ಪಾತ್ರೆಯಾಗುತ್ತದೆ. ಅಜ್ಜಿಯ ಕಾಲದ ಉಪ್ಪಿನಕಾಯಿ ಜಾಡಿಯನ್ನು ಮುಟ್ಟಿ ನೋಡಿದವರಿಗೆ ಈ ಜಾತಿಯ ಮಣ್ಣಿನ ಪರಿಚಯ ಇದ್ದೇ ಇದೆ.

ಕಾವು ಅತಿ ಹೆಚ್ಚಿದ ಹೊತ್ತಿಗೆ ಗೂಡಿನೊಳಗೆ ಹಿಡಿಹಿಡಿ ಉಪ್ಪು ಎರಚುವುದು ಅವರ ಗುಟ್ಟು. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಕೂಡಿ, ಪಾತ್ರೆಯ ಮೈಗೆ ಗಾಜಿನ ತೆಳುಪದರ ಅಂಟುತ್ತದೆ. ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳು ತಾಗುತ್ತವೆ. ವೆಸ್ಟರ್‌ವಾಲ್ಡ್‌ನವರು ಬೂದುಬಣ್ಣದ ಮೈಮೇಲೆ ಕೋಬಾಲ್ಟಿನ ನೀಲಿ ಬಳಿದು ತಮ್ಮದೇ ಗುರುತು ಮಾಡಿಕೊಂಡರು. ಫ್ರೆಖೆನ್‌ನವರು ಹೂಜಿಯ ಕತ್ತಿಗೆ ಗಡ್ಡದ ಮುಖ ಅಂಟಿಸಿದರು. ಆ ಗಡ್ಡದ ಹೂಜಿಗಳು ಡಚ್ಚರ ಹಡಗು ಹತ್ತಿ ಪೂರ್ವದೇಶಗಳತ್ತ ಹೊರಟವು. 1629ರಲ್ಲಿ ಆಸ್ಟ್ರೇಲಿಯದ ಬಳಿ ಬಂಡೆಗೆ ಬಡಿದು ಮುಳುಗಿದ ಬಟಾವಿಯಾ ಹಡಗಿನ ಅವಶೇಷದಲ್ಲೂ ಅವು ಸಿಕ್ಕಿವೆ.

ಬವೇರಿಯಾದ ಡ್ಯೂಕ್‌ಗಳು 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಟ್ಟಳೆ ಮಾಡಿದ್ದು ಪ್ರಸಿದ್ಧ. ಮಗ್ಗಿಗೆ ಮುಚ್ಚಳ ಬಂದದ್ದೂ ಒಂದು ಕಟ್ಟಳೆಯಿಂದಲೇ, ಪ್ಲೇಗಿನ ಭಯದಲ್ಲಿ, ನೊಣ ಬೀಳಬಾರದೆಂದು ಎಂಬ ಕತೆಯನ್ನು ಮಾರುವವರು ತಪ್ಪದೆ ಹೇಳುತ್ತಾರೆ. ಕತೆಯಿದ್ದರೆ ಬೆಲೆ ಏರುತ್ತದೆ, ಅದಕ್ಕೇ ಹೇಳುತ್ತಾರೆ. ಮುಚ್ಚಳವಂತೂ ನಿಜ. ತವರ ಬೆರೆತ ಪ್ಯೂಟರ್ ಲೋಹದ್ದು, ಹಿಡಿಕೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ತೆರೆದುಕೊಳ್ಳುತ್ತದೆ. ಒಂದು ಕೈಯಲ್ಲಿ ಮಗ್, ಇನ್ನೊಂದು ಕೈ ಇಸ್ಪೀಟಿಗೆ ಬಿಡುವು.

ಸಂಗ್ರಾಹಕರ ಕಣ್ಣು ಹೆಚ್ಚಾಗಿ ನೆಟ್ಟಿರುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಸರಕಿನ ಮೇಲೆ. ಸಾರ್ ನದಿಯ ದಂಡೆಯ ಮೆಟ್ಲಾಖ್‌ನಲ್ಲಿ ಪಾಳುಬಿದ್ದ ಬೆನೆಡಿಕ್ಟೈನ್ ಮಠವೊಂದನ್ನು 1809ರಲ್ಲಿ ಜಾನ್ ಫ್ರಾನ್ಸ್ವಾ ಬೋಖ್ ಕೊಂಡು ಪಿಂಗಾಣಿ ಕಾರ್ಖಾನೆ ಮಾಡಿದ. 1836ರಲ್ಲಿ ನಿಕೊಲಾ ವಿಲ್ರುವಾನ ಜೊತೆ ಸೇರಿ ವಿಲ್ರುವಾ ಅಂಡ್ ಬೋಖ್ ಕಂಪನಿಯಾಯಿತು. 1880ರಿಂದ ಮುಂದಿನ ಮೂರು ದಶಕ ಮೆಟ್ಲಾಖ್ ಸ್ಟೈನ್‌ಗಳ ಸುಗ್ಗಿ. ಗೆರೆ ಕೊರೆದು ಬಣ್ಣ ತುಂಬಿದಂತೆ ಕಾಣುವ ಅವರ ಕೆಲಸ ಎಷ್ಟು ನಾಜೂಕೆಂದರೆ, ಅದನ್ನು ನಿಜಕ್ಕೂ ಹೇಗೆ ಮಾಡುತ್ತಿದ್ದರೆಂದು ಇಂದಿಗೂ ಚರ್ಚೆ ನಡೆಯುತ್ತದೆ. 1921ರ ಬೆಂಕಿಯಲ್ಲಿ ಕಾರ್ಖಾನೆಯ ದಾಖಲೆಗಳು ಸುಟ್ಟುಹೋದದ್ದೇ ಇದಕ್ಕೆ ಕಾರಣ. ಮಠದಲ್ಲಿ ಕೂತು ಬಿಯರ್ ಮಗ್ ಮಾಡಿದರೆಂದು ಹುಬ್ಬೇರಿಸಬೇಕಿಲ್ಲ. ಯುರೋಪಿನ ಸನ್ಯಾಸಿಗಳು ತಾವೇ ಬಿಯರ್ ಕಾಸುತ್ತಿದ್ದವರು. ಮದ್ಯ ಮುಟ್ಟೆನೆಂದು ವ್ರತ ತೊಟ್ಟ ರಾಜಘಟ್ಟದ ಭಿಕ್ಷುಗಳು ಇದನ್ನು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಮಗ್ಗಿನ ತಳ ಓದುವುದು ಒಂದು ವಿದ್ಯೆಯೇ ಆಗಿದೆ. ಮೆಟ್ಲಾಖ್ ಮಗ್ಗಿನ ತಳದಲ್ಲಿ ಮಠದ ಹಳೆಯ ಗೋಪುರದ ಮುದ್ರೆ, ಅಚ್ಚಿನ ಸಂಖ್ಯೆ, ಪಕ್ಕದಲ್ಲಿ 97 ಎಂದಿದ್ದರೆ 1897ರ ಸರಕು. ಕಂಠದ ಹತ್ತಿರ ಒಂದು ಗೆರೆ, ಅದರ ಮುಂದೆ ಅರ್ಧ ಲೀಟರ್ ಎಂಬ ಅಂಕಿ. ಅಂಗಡಿಯವನು ನೊರೆ ತೋರಿಸಿ ಅಳತೆಯಲ್ಲಿ ಮೋಸ ಮಾಡದಿರಲೆಂದು ಜರ್ಮನ್ ಸರ್ಕಾರ 1881ರಲ್ಲಿ ಮಾಡಿದ ಕಾನೂನಿನ ಗುರುತು ಅದು. ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದು ಒತ್ತಿದ್ದರೆ ಅದು ಹೆಚ್ಚಾಗಿ 1890ರ ಈಚಿನದು. ಹೊರಗಿನಿಂದ ಬಂದ ಮಾಲಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಆ ವರ್ಷ ಸುಂಕದ ಕಾಯಿದೆಯಲ್ಲಿ ಸೇರಿಸಿತು. ತೆರಿಗೆಯವರ ತಂಟೆ ಮುಂದೆ ಚರಿತ್ರೆಕಾರರಿಗೆ ವರವಾಯಿತು.

ಸೈನಿಕರ ಮಗ್ಗುಗಳದು ಬೇರೆಯೇ ಕತೆ. ಕಡ್ಡಾಯ ಸೇವೆ ಮುಗಿಸಿ ಊರಿಗೆ ಹೊರಟ ಹುಡುಗ ನೆನಪಿಗೆಂದು ಒಂದು ಸ್ಟೈನ್ ಮಾಡಿಸಿಕೊಳ್ಳುತ್ತಿದ್ದ. ಮೈಮೇಲೆ ಅವನ ಹೆಸರು, ರೆಜಿಮೆಂಟು, ಸೇವೆಯ ವರ್ಷಗಳು, ಜೊತೆಗಾರರ ಹೆಸರುಗಳ ಪಟ್ಟಿ. ಮುಚ್ಚಳದ ಮೇಲೆ ಕುದುರೆಯೋ ಫಿರಂಗಿಯೋ. ಕುಡಿದು ಮುಗಿಸಿ ಮಗ್ಗನ್ನು ಬೆಳಕಿಗೆ ಹಿಡಿದರೆ ಪಿಂಗಾಣಿಯ ತಳದಲ್ಲಿ ಚಿತ್ರ ಮೂಡುತ್ತದೆ. ಬಹಳ ಕಡೆ ನಲ್ಲೆಯನ್ನು ಬೀಳ್ಕೊಡುವ ಸಿಪಾಯಿ. 1914ರಲ್ಲಿ ಯುದ್ಧ ಶುರುವಾದ ಮೇಲೆ ಈ ಪದ್ಧತಿ ನಿಂತಿತು. ಆ ಪಟ್ಟಿಯ ಹುಡುಗರಲ್ಲಿ ಎಷ್ಟೋ ಜನ ಮರಳಲಿಲ್ಲ. ಈಚಿನ ನಕಲುಗಳೂ ಧಾರಾಳ. ತಳದ ಚಿತ್ರದಲ್ಲಿ ಬೆತ್ತಲೆ ಹೆಂಗಸು ಕಂಡರೆ ಹಳೆಯ ಕೈಗಳು ನಕ್ಕು ಮಗ್ಗನ್ನು ಮೇಜಿನ ಮೇಲೆ ಇಟ್ಟುಬಿಡುತ್ತವೆ. 1965ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಟೈನ್ ಕಲೆಕ್ಟರ್ಸ್ ಇಂಟರ್‌ನ್ಯಾಷನಲ್ ಸಂಘ ಇಂಥ ಗುರುತುಗಳನ್ನೆಲ್ಲ ಕಲೆಹಾಕಿ, ಪತ್ರಿಕೆ ನಡೆಸಿ, ಹವ್ಯಾಸಕ್ಕೆ ಒಂದು ಶಿಸ್ತು ತಂದಿತು. ಕಾರ್ಖಾನೆಯಲ್ಲಿ ಸುಟ್ಟುಹೋದ ದಾಖಲೆಯನ್ನು ಸಂಗ್ರಾಹಕರು ಮಗ್ಗುಗಳ ತಳದಿಂದಲೇ ಮತ್ತೆ ಕಟ್ಟಿದರು ಎಂದರೆ ತಪ್ಪಿಲ್ಲ. ಈ ಕೆಲಸಕ್ಕೆ ಅವರನ್ನು ಮೆಚ್ಚಬೇಕು.

ಕರ್ನಾಟಕಕ್ಕೆ ಬಿಯರ್ ಬಂದದ್ದು ಬ್ರಿಟಿಷ್ ಸೈನ್ಯದ ಹಿಂದೆ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು 1915ರಲ್ಲಿ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆ ಐದರಲ್ಲಿ ಹಳೆಯದು 1857ರ ಕ್ಯಾಸಲ್ ಬ್ರೂವರಿ. ದೊಡ್ಡ ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ದಂಡಿನ ಕಡೆಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಮಲ್ಯ ರಸ್ತೆಯಲ್ಲಿ ಇಂದು ಯು.ಬಿ. ಸಿಟಿ ನಿಂತಿರುವ ಜಾಗ ಒಂದು ಕಾಲಕ್ಕೆ ಬ್ರೂವರಿಯದು. ಪೀಪಾಯಿ ಬಂತು, ಬಾಟಲಿ ಬಂತು, ಪಬ್ಬುಗಳ ಕಾಲದಲ್ಲಿ ಗಾಜಿನ ಮಗ್ಗೂ ಬಂತು. ಮಣ್ಣಿನ ಮಗ್ ಮಾತ್ರ ಇಲ್ಲಿ ನೆಲೆಯೂರಲಿಲ್ಲ.

ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಹಿಂದೆ ಕುಡಿತವೆಂದರೆ ಈಚಲ ಹೆಂಡ. ಮರಕ್ಕೆ ಕಟ್ಟಿದ ಮಡಕೆ, ಸೋರೆ ಬುರುಡೆ. ಒಡೆದರೆ ತಿಪ್ಪೆಗೆ. ಅವನ್ನು ಯಾರು ಕೂಡಿಟ್ಟರು? ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂಥ ಒಂದೆರಡು ಕಡೆ ಬಿಟ್ಟರೆ ಹಳ್ಳಿಯ ಮಡಕೆ ಕುಡಿಕೆಗೆ ಗಾಜಿನ ಬೀರು ಸಿಕ್ಕಿದ್ದು ಕಡಿಮೆ. ಹೆಂಡವನ್ನು ಕನ್ನಡಿಗರು ಪದ್ಯದಲ್ಲಿ ಕೂಡಿಟ್ಟರು ಅನ್ನಬೇಕು. ಯೆಂಡ್ಕುಡುಕ ರತ್ನನನ್ನು ಕೊಟ್ಟ ಜಿ.ಪಿ. ರಾಜರತ್ನಂ ಅವರೇ ಪಾಲಿ ಕಲಿತು ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದವರು. ಹೆಂಡದ ಮಡಕೆಯೂ ಮಣ್ಣಿನ ಸ್ತೂಪವೂ ಒಂದೇ ಬರಹದಲ್ಲಿ ಕೂತದ್ದಕ್ಕೆ ಆಕ್ಷೇಪ ಎತ್ತುವವರು ಅವರನ್ನೊಮ್ಮೆ ನೆನೆಯಲಿ.

ಜರ್ಮನರ ಮಣ್ಣಿನ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಮಗ್ಗಿನ ರೂಪದಲ್ಲಿ ಅಲ್ಲದಿದ್ದರೂ ಹೆಂಚಿನ ರೂಪದಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಕೈಗಾರಿಕೆಗಳಲ್ಲಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ ದೊಡ್ಡದು. ನೇತ್ರಾವತಿಯ ಜೇಡಿ, ಯುರೋಪಿನ ಅಚ್ಚು. ಪ್ರತಿ ಹೆಂಚಿನ ಬೆನ್ನಿಗೂ ಮಿಷನ್ನಿನ ಹೆಸರಿನ ಮುದ್ರೆ. ಹಳೆ ಮನೆ ಕೆಡವಿದ ಕಡೆ ಈ ಹೆಂಚುಗಳನ್ನು ಆರಿಸಿ ಇಟ್ಟುಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಅವರಿಗೆ ಒಂದು ಎಚ್ಚರಿಕೆ: ಹೆಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ್ದಲ್ಲ. ಮೆಟ್ಲಾಖ್ ಮಗ್ಗಿನ 97ನ್ನು ನಂಬಿದ ಹಾಗೆ ಇದನ್ನು ನಂಬಬಾರದು. ಹೆಂಚಿನ ನಿಜವಾದ ವಯಸ್ಸು ತಿಳಿಯಬೇಕಾದರೆ ಅದು ಯಾವ ಮನೆಯ ಮಾಡಿನದು, ಆ ಮನೆ ಯಾವಾಗ ಕಟ್ಟಿದ್ದು ಎಂದು ಕೇಳಬೇಕು. ಅಂದರೆ ಮುದ್ರೆಯಿದ್ದರೂ ಜಾಗ ಗೊತ್ತಿರಲೇಬೇಕು.

ಮುದ್ರೆ ಅರೆಬರೆ ಇರುವ ಹೆಂಚಿಗೇ ಹೀಗಾದರೆ, ಹೆಸರೇ ಇಲ್ಲದ ರಾಜಘಟ್ಟದ ಬಿಲ್ಲೆಯ ಗತಿ ಏನು? ಒಂದು ಬಿಲ್ಲೆಯನ್ನು ತೆಗೆದು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಇಟ್ಟರೆಂದುಕೊಳ್ಳಿ. ಅಕ್ಷರ ಓದಬಲ್ಲವರು ಶ್ಲೋಕವನ್ನು ಗುರುತಿಸಬಹುದು, ಲಿಪಿ ನೋಡಿ ಐದನೆಯದೋ ಆರನೆಯದೋ ಶತಮಾನ ಎನ್ನಬಹುದು. ಅದೇ ಶ್ಲೋಕದ ಬಿಲ್ಲೆಗಳು ಬಿಹಾರದಲ್ಲಿವೆ, ಒಡಿಶಾದಲ್ಲಿವೆ, ಬರ್ಮಾದಲ್ಲಿವೆ. ಇದು ಎಲ್ಲಿಯದು? ಹೇಳುವವರಿಲ್ಲ. ಅದೇ ಬಿಲ್ಲೆ ಬೂದಿಗುಂಟೆಯಲ್ಲಿ, ಚೈತ್ಯಾಲಯದ ಇಟ್ಟಿಗೆಯ ಪಕ್ಕದಲ್ಲಿ, ಇಷ್ಟು ಅಡಿ ಆಳದಲ್ಲಿ, ನೂರಾರು ಸಂಗಡಿಗರ ಜೊತೆ ಸಿಕ್ಕಿದ್ದರಿಂದ ಗಂಗವಾಡಿಯ ಧರ್ಮಚರಿತ್ರೆಯಲ್ಲಿ ಒಂದು ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು.

ಬೌದ್ಧ ಬಿಲ್ಲೆಗಳಿಗೆ ಜಗತ್ತಿನಲ್ಲಿ ಗಿರಾಕಿಗಳಿಲ್ಲ ಎಂದುಕೊಳ್ಳಬೇಡಿ. ಥಾಯ್ಲೆಂಡಿನಲ್ಲಿ ಹಳೆಯ ಸ್ತೂಪಗಳಿಂದ ತೆಗೆದ ಮಣ್ಣಿನ ಬುದ್ಧಬಿಲ್ಲೆಗಳು ಕೊರಳ ತಾಯಿತಗಳಾಗಿ, ಬ್ಯಾಂಕಾಕಿನ ಥಾ ಫ್ರಾ ಚಾನ್ ಸಂತೆಯಲ್ಲಿ ಭೂತಗನ್ನಡಿ ಹಿಡಿದು ಪರೀಕ್ಷಿಸಿ ಕೊಳ್ಳುವ ಸರಕಾಗಿವೆ. ಅಲ್ಲಿ ಸಂಗ್ರಾಹಕರ ಜ್ಞಾನ ಅಗಾಧ. ಯಾವ ಅಚ್ಚು, ಯಾವ ಕಾಲ ಎಂದು ನೋಡಿದೊಡನೆ ಹೇಳುತ್ತಾರೆ. ಆದರೆ ಆ ಜ್ಞಾನದ ಹಿಂದೆ ಅಗೆದು ಬರಿದಾದ ಎಷ್ಟೋ ಸ್ತೂಪಗಳಿವೆ. ಸ್ಟೈನ್ ಸಂಗ್ರಾಹಕ ಯಾರ ನೆಲವನ್ನೂ ಅಗೆಯಲಿಲ್ಲ. ಅವನ ಮಗ್ ಅಜ್ಜನ ಅಟ್ಟದಿಂದ ಬಂದದ್ದು, ಮೊಮ್ಮಗ ಸಂತೋಷದಿಂದ ಮಾರಿದ್ದು. ಹವ್ಯಾಸ ಒಂದೇ ಆದರೂ ಎರಡರ ಫಲ ಬೇರೆ ಬೇರೆ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಅರೆಬರೆಯಾಗಿ ಗುರುತಿಸಿದೆ. ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾಯಿದೆ ಬ್ರಿಟಿಷರ ಕಾಲದಲ್ಲೇ, 1878ರಲ್ಲೇ ಬಂತು. ಅದರ ಪ್ರಕಾರ ಹತ್ತು ರೂಪಾಯಿ ಮೀರಿದ ಬೆಲೆಯದಾದರೂ ಸಾಕು, ತಿಳಿಸಲೇಬೇಕಿತ್ತು. 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷ ಮೀರಿದ ಕಲಾಕೃತಿಯನ್ನು ಪುರಾತನ ವಸ್ತುವೆಂದು ಕರೆದು ದೇಶದಾಚೆ ಸಾಗಿಸುವುದನ್ನು ತಡೆಯಿತು. ಕಳ್ಳಸಾಗಣೆಗಾರನಿಗೆ ಇದು ಭಯ ಹುಟ್ಟಿಸಬಹುದು. ಆದರೆ ರಾಜಘಟ್ಟದಂಥ ಊರಿನ ಅಪಾಯ ಕಳ್ಳರಿಂದಲ್ಲ. ಮಣ್ಣು ಹೊಡೆಯುವ ಟ್ರ್ಯಾಕ್ಟರು, ಸೈಟಾಗಿ ಮಾರ್ಪಡುವ ಹೊಲ, ತಳಪಾಯ ತೋಡುವ ಜೆಸಿಬಿ ಇವೇ ಹೆಚ್ಚಿನ ಭಯ. ಬೆಂಗಳೂರು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಗೆ ಉಕ್ಕಿ ಬರುತ್ತಿರುವ ವೇಗ ನೋಡಿದರೆ ಉಳಿದ ದಿಬ್ಬಗಳಿಗೆ ಬಹಳ ಕಾಲಾವಕಾಶವಿಲ್ಲ.

ಹೆಬ್ಬಾಳದಲ್ಲಿ ರೈಲು ಹಳಿಯ ಕೆಲಸಕ್ಕೆ ನೆಲ ತೋಡುವಾಗ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ ಎಂಬ ಗೌರವ ಅದಕ್ಕೆ ಸಂದಿತು. ಕಲ್ಲನ್ನು ನೋಡಿದವರು ಸುಮ್ಮನಿರದೆ ಬಲ್ಲವರಿಗೆ ಸುದ್ದಿ ಮುಟ್ಟಿಸಿದ್ದರಿಂದ ಅದು ಉಳಿಯಿತು. ರಾಜಘಟ್ಟದ ಸುತ್ತಲಿನ ಹೊಲದಲ್ಲಿ, ಕೆರೆಯಂಗಳದಲ್ಲಿ, ಮನೆಯ ಪಾಯದಲ್ಲಿ ಗುಮ್ಮಟದ ಆಕಾರದ ಮಣ್ಣುಂಡೆ, ಅಕ್ಷರದ ಗುರುತಿರುವ ಬಿಲ್ಲೆ, ಅಗಲವಾದ ಹಳೆಯ ಇಟ್ಟಿಗೆ ಕಂಡರೆ ಓದುಗರು ಇಷ್ಟು ಮಾಡಲಿ: ನೀರು ಹಾಕಿ ತೊಳೆಯಬೇಡಿ, ಸುಡದ ಮಣ್ಣಾದರೆ ಹಾಗೇ ಕರಗಿಬಿಡುತ್ತದೆ. ಎತ್ತಿ ಮನೆಗೆ ಒಯ್ಯಬೇಡಿ. ಇದ್ದಲ್ಲೇ ಬಿಟ್ಟು, ಸುತ್ತಲಿನ ಜಾಗ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ತಹಶೀಲ್ದಾರರ ಕಚೇರಿಗೋ ರಾಜ್ಯ ಪುರಾತತ್ವ ಇಲಾಖೆಗೋ ಅದೇ ದಿನ ತಿಳಿಸಿ.